ಬದುವಿನ ಮೇಲೊಂದು ಬೇವಿನ ಟೊಂಗೆ

ಕೋಳಿ ಕೂಗಿ ಸ್ವಲ್ಪ ಹೊತ್ತಾಗಿದೆ. ಬೆಳಕು ಇನ್ನೂ ಸರಿಯಾಗಿ ಬಿಟ್ಟಿಲ್ಲ. ಕಾಲುವೆಯ ಏರಿಯ ಮೇಲೆ, ಬೇವಿನ ಮರದ ಕೆಳಗೆ ಹೊಳೆಮ್ಮ ಒಬ್ಬರೇ ನಿಂತಿದ್ದಾರೆ. ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಬಿಗಿಯಾಗಿ ಸಿಕ್ಕಿಸಿದ್ದಾರೆ. ಒಂದು ಕೈಯಲ್ಲಿ ಟೊಂಗೆ ಬಗ್ಗಿಸಿ ಇನ್ನೊಂದು ಕೈಯಲ್ಲಿ ಲಟಕ್ಕನೆ ಮುರಿಯುತ್ತಾರೆ. ಮುರಿದ ಟೊಂಗೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಅವರು ಏರಿ ಇಳಿಯುವ ಬಿರುಸು ನೋಡಿದರೆ ಅರವತ್ತರ ಹತ್ತಿರದ ಹೆಂಗಸು ಎಂದರೆ ಯಾರೂ ನಂಬುವುದಿಲ್ಲ. ಬಾಯಿ ತೆರೆದಾಗ ಮಾತ್ರ ಉದುರಿದ ಹಲ್ಲುಗಳು ವಯಸ್ಸನ್ನು ಹೇಳಿಬಿಡುತ್ತವೆ.

ತೂಬಿನ ಹತ್ತಿರ ಓಬಳೇಶ ಬೀಡಿ ಹಚ್ಚಿಕೊಂಡು ಕೂತಿದ್ದಾನೆ. ಗದ್ದೆಗಳಿಗೆ ಎಣ್ಣೆ ಹೊಡೆಯುವುದು ಅವನ ಕೆಲಸ. ಎಣ್ಣೆ ಎಂದರೆ ಈ ಕಡೆ ಅಡುಗೆಯದಲ್ಲ, ದೀಪದ್ದೂ ಅಲ್ಲ. ಬೆಳೆಗೆ ಬಿದ್ದ ಹುಳ ಸಾಯಲಿ ಎಂದು ಹೊಡೆಯುವ ಔಷಧ. ಹೊಳೆಮ್ಮ ನಿಲ್ಲದೆ, ನಡೆಯುತ್ತಲೇ ಕೇಳುತ್ತಾರೆ.

"ಲೇ ಓಬಳೇಶ, ನಿನ್ನಿ ಯಾವ ಕಡಿ ಹೊಡದ್ಯೋ?"

"ತೂಬಿನ ಕೆಳಗಿನ ಮೂರೂ ಗದ್ದಿ, ಚಿಗವ್ವ. ಸಂಜಿಮುಂದ ಹೊಡದೀನಿ."

ಅಷ್ಟು ಸಾಕು. ಮೂರು ಗದ್ದೆಗಳಿಗೂ ಜನ ಇಳಿಯುವ ಜಾಗ ನೋಡಿ, ಬದುವಿನ ಹಸಿ ಮಣ್ಣಿಗೆ ಒಂದೊಂದು ಟೊಂಗೆ ಚುಚ್ಚಿ, ಬುಡಕ್ಕೆ ಕಾಲಿನಿಂದ ಮಣ್ಣು ಒತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಕಳೆ ತೆಗೆಯುವ ಹೆಂಗಸರ ಗುಂಪು ಬುತ್ತಿ ಹೊತ್ತುಕೊಂಡು ಬರುತ್ತದೆ. ಟೊಂಗೆ ನೋಡುತ್ತದೆ, ಮುಂದಿನ ಗದ್ದೆಗೆ ಸಾಗುತ್ತದೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಮೂರು ದಿನ ಆ ಗದ್ದೆಗಳಿಗೆ ಹೆಣ್ಣುಮಕ್ಕಳ ಕಾಲು ಬೀಳುವುದಿಲ್ಲ.

ಹೊಸಪೇಟೆಯಿಂದ ಬುಕ್ಕಸಾಗರ ದಾಟಿ ಕಂಪ್ಲಿ ಕಡೆಗೆ ಹೋಗುವಾಗ ಸಿಗುವ ಊರು ಇದು. ಹೆಸರು ಬರೆಯಬಾರದು ಎಂಬುದು ಹೊಳೆಮ್ಮನವರು ಹಾಕಿದ ಒಂದೇ ಷರತ್ತು. "ಆಗಿನ ಧಣೇರು ಈಗ ಇಲ್ಲ, ಹೊಲ ಮಾರಿ ಮಕ್ಕಳು ಹೊರಗ ಹೋದ್ರು. ಊರೂ ಬದಲಾಗೈತ್ರಿ. ಸುಮ್ನ ಯಾಕ ಹಳೇ ಹುಣ್ಣು ಕೆರೀಬೇಕು," ಎನ್ನುತ್ತಾರೆ. ಊರಿಗೆ ಅವರ ಮೇಲಿದ್ದ ಸಿಟ್ಟೆಷ್ಟು ಎಂದು ತಿಳಿದ ಮೇಲೆ ಈ ಮಾತಿನ ಬೆಲೆ ಗೊತ್ತಾಗುತ್ತದೆ. ಇವತ್ತು ಇಷ್ಟು ಸಲೀಸಾಗಿ ನೆಲಕ್ಕೆ ಚುಚ್ಚುವ ಟೊಂಗೆಗೆ ಒಂದು ಕಾಲದಲ್ಲಿ ಅವರು ಮನೆ ತೆತ್ತಿದ್ದಾರೆ, ಊರು ಬಿಟ್ಟಿದ್ದಾರೆ, ಮಾಟಗಾತಿ ಎಂಬ ಹೆಸರು ಹೊತ್ತಿದ್ದಾರೆ.

ಹೊಳೆಮ್ಮ ಹುಟ್ಟಿದಾಗ ಈ ನೆಲವೆಲ್ಲ ಜೋಳದ ಹೊಲ. ಕಾಲುವೆ ನೀರು ಬಂದದ್ದು ಅವರು ಲಂಗ ಉಡುವ ವಯಸ್ಸಿನಲ್ಲಿ. ಮದುವೆಯಾಗಿ ಈ ಊರಿಗೆ ಬರುವಷ್ಟರಲ್ಲಿ ಎರಡು ಬೆಳೆ, ಕಬ್ಬು, ಟ್ರ್ಯಾಕ್ಟರು, ಧಣಿಗಳ ಮನೆಗೆ ಮಾಳಿಗೆಯ ಮೇಲೆ ಮಾಳಿಗೆ. ಕೂಲಿ ಹೆಂಗಸರಿಗೂ ವರ್ಷವಿಡೀ ಕೈತುಂಬ ಕೆಲಸ ಸಿಕ್ಕಿತು, ಅದನ್ನು ಅವರು ಮರೆಯುವುದಿಲ್ಲ. ಹೊಸ ತಳಿಯ ಭತ್ತ ಬಂತು, ಅದರ ಹಿಂದೆಯೇ ಹುಳ ಬಂತು, ಹುಳದ ಹಿಂದೆ ಎಣ್ಣೆ ಬಂತು. ಹೊಳೆಮ್ಮನ ಗಂಡ ಗುಡ್ಡಪ್ಪ ಊರಿನ ದೊಡ್ಡ ಧಣಿಯ ಹತ್ತಿರ ಯುಗಾದಿಯಿಂದ ಯುಗಾದಿಗೆ ಸಂಬಳಕ್ಕಿದ್ದರು. ಎಣ್ಣೆ ಪಂಪನ್ನು ಬರಿಬೆನ್ನಿಗೆ ಏರಿಸಿಕೊಂಡು ಸಂಜೆ ಅವರು ಹೊಡೆದು ಬಂದರೆ, ಮರುದಿನ ಬೆಳಿಗ್ಗೆ ಅದೇ ಗದ್ದೆಗೆ ಹೆಂಗಸರು ಕಳೆ ತೆಗೆಯಲು ಇಳಿಯುತ್ತಿದ್ದರು.

ಕಳೆ ತೆಗೆಯುವುದೆಂದರೆ ದಿನವಿಡೀ ಬಗ್ಗಿಯೇ ಇರುವ ಕೆಲಸ. ಭತ್ತದ ಗರಿ ಮುಖಕ್ಕೆ, ಕಣ್ಣಿಗೆ, ತುಟಿಗೆ ತಾಗುತ್ತಲೇ ಇರುತ್ತದೆ. ಆ ಗರಿಯ ಮೇಲೆ ಎಣ್ಣೆಯ ಹನಿ. ಕಾಲು ಮುಳುಗಿದ ನೀರಲ್ಲೂ ಅದೇ ಎಣ್ಣೆ. ಮಧ್ಯಾಹ್ನ ಬದುವಿನ ಮೇಲೆ ಕೂತು, ಕೈಯನ್ನು ಅದೇ ನೀರಲ್ಲಿ ಅದ್ದಿ ರೊಟ್ಟಿ ಮುರಿಯುತ್ತಿದ್ದರು. ತಲೆ ತಿರುಗಿದರೆ ಬಿಸಿಲು ಎನ್ನುತ್ತಿದ್ದರು, ವಾಂತಿಯಾದರೆ ಪಿತ್ತ ಎನ್ನುತ್ತಿದ್ದರು.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಬೇಸಿಗೆ ಬೆಳೆ. ಹೊಳೆಮ್ಮನೇ ಮುಂದಾಳಾಗಿದ್ದ ಗುಂಪಿನಲ್ಲಿ ಸುಂಕಮ್ಮ ಎಂಬ ಹೆಂಗಸು ಗದ್ದೆಯಲ್ಲಿ ನಡುಗತೊಡಗಿದಳು. ಕಣ್ಣು ತೇಲಿಸಿದಳು, ಬಾಯಲ್ಲಿ ನೊರೆ ಬಂತು, ಏನೇನೋ ತೊದಲಿದಳು. ಸುತ್ತಲಿದ್ದ ಹೆಂಗಸರು ಏನು ಮಾಡಿದರು? ಕೈಮುಗಿದರು. ಸುಂಕಲಮ್ಮ ದೇವಿ ಮೈಮೇಲೆ ಬಂದಿದ್ದಾಳೆ ಎಂದುಕೊಂಡರು. ಬದುವಿನ ಮೇಲೆ ಕೂಡಿಸಿ ಹಣೆಗೆ ಭಂಡಾರ ಹಚ್ಚಿದರು. ಹೊಳೆಮ್ಮ ಓಡಿಹೋಗಿ ಬೇವಿನ ಸೊಪ್ಪು ತಂದು ಮುಖಕ್ಕೆ ಬೀಸಿದರು.

"ಏನ್ ತಪ್ಪಾತು ತಾಯಿ, ಏನ್ ಬೇಕು ಹೇಳು ಅಂತ ನಾನs ಕೇಳಿದೆ ನೋಡ್ರಿ. ಆಕಿ ಉಸಿರು ಸಿಗದs ಒದ್ದಾಡಾಕತ್ತಾಳ, ನಾನು ಬೇವು ಬೀಸಿಕೋತ ಅಮ್ಮನ ಮಾತು ಕಾಯಾಕತ್ತೀನಿ," ಎಂದು ಹೊಳೆಮ್ಮ ಇಷ್ಟು ವರ್ಷದ ಮೇಲೂ ತಮ್ಮನ್ನೇ ಬೈದುಕೊಳ್ಳುತ್ತಾರೆ. ಅವರ ತಪ್ಪೇನಿತ್ತು? ನಡುಗುವ ಮೈಗೆ ಅವರಿಗೆ ಗೊತ್ತಿದ್ದ ಕಾರಣ ಅದೊಂದೇ.

ಸುಂಕಮ್ಮನಿಗೆ ಎಚ್ಚರ ತಪ್ಪಿದಾಗ ಹೊಳೆಮ್ಮ ಅವಳನ್ನು ಹೊತ್ತುಕೊಂಡು ರಸ್ತೆಗೆ ಓಡಿದರು. ಪುಣ್ಯಕ್ಕೆ ಕಬ್ಬು ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರೊಂದು ಸಿಕ್ಕಿತು. ಹೊಸಪೇಟೆಯಲ್ಲಿ ಸಣ್ಣ ದವಾಖಾನೆ ಇಟ್ಟುಕೊಂಡಿದ್ದ ಡಾಕ್ಟರ್ ಪ್ರಭಂಜನ ಸುಂಕಮ್ಮನ ಕಣ್ಣುಗುಡ್ಡೆ ನೋಡಿದ ಕೂಡಲೇ ಎಣ್ಣೆಯ ವಿಷ ಎಂದರು. ಸುಂಕಮ್ಮ ಉಳಿದರು. ಇವತ್ತು ಕಂಪ್ಲಿಯ ಸಂತೆಯಲ್ಲಿ ಮಂಡಕ್ಕಿ ಮಾರುತ್ತಾರೆ. ಅಳತೆಯ ಸೇರು ಹಿಡಿದ ಕೈ ಈಗಲೂ ಸಣ್ಣಗೆ ನಡುಗುತ್ತದೆ. "ಮೈಮ್ಯಾಲ ಬಂದಿದ್ದು ಅಮ್ಮ ಅಲ್ಲ, ಎಣ್ಣಿ. ಹೊಳೆಮ್ಮ ಹೊತಗೊಂಡು ಹೋಗದಿದ್ರ ಮಣ್ಣು ಕೊಡಾಕ ಬರ್ತಿದ್ರಿ ನೀವೆಲ್ಲ," ಎಂದು ನಗುತ್ತಾರೆ.

ಡಾಕ್ಟರು ಹೊಳೆಮ್ಮನಿಗೆ ಒಂದು ಮಾತು ಹೇಳಿದ್ದರು. ಎಣ್ಣೆ ಹೊಡೆದ ಗದ್ದೆಗೆ ಮೂರು ದಿನ ಯಾರೂ ಇಳಿಯಬಾರದು, ಇಳಿಯದಂತೆ ಒಂದು ಬೋರ್ಡು ಹಾಕಿಸಿ. ಬೋರ್ಡು ಹಾಕಿದರೆ ಓದುವವರು ಯಾರು? ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದ ಹೊಳೆಮ್ಮನಿಗೆ ತಮ್ಮ ಓಣಿಯ ಒಂದು ಬಾಗಿಲು ಕಣ್ಣಿಗೆ ಬಿತ್ತು. ಆ ಮನೆಯ ಮಗುವಿಗೆ ಅಮ್ಮ ಬಂದಿತ್ತು. ಸಿಡುಬಾಗಲಿ, ದಡಾರವಾಗಲಿ, ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಬಂದಳು ಎನ್ನುವುದು ಇಲ್ಲಿನ ರೂಢಿ. ಅಂಥ ಮನೆಯ ಬಾಗಿಲಿಗೆ ಬೇವಿನ ಟೊಂಗೆ ಕಟ್ಟುತ್ತಾರೆ. ಅದನ್ನು ಕಂಡವರು ಎಂಥ ತುರ್ತಿದ್ದರೂ ಒಳಗೆ ಕಾಲಿಡುವುದಿಲ್ಲ.

"ಇದಕ್ಕಿಂತ ಬೋರ್ಡು ಯಾಕ ಬೇಕು ಅಂದುಕೊಂಡೆ," ಎನ್ನುತ್ತಾರೆ.

ಮೊದಲು ಧಣಿಯ ಮನೆಗೇ ಹೋದರು. ಕಟ್ಟೆಯ ಕೆಳಗೆ ನಿಂತು, ಮೂರು ದಿನ ಬಿಟ್ಟು ಕಳೆ ತೆಗೆಸಿರಿ ಎಂದು ಕೇಳಿಕೊಂಡರು. ಧಣಿ ಮೇಲಿನಿಂದಲೇ, ಮೂರು ದಿನ ಬಿಟ್ಟರೆ ಕಳೆ ನಿನ್ನ ಕಾಯುತ್ತಾ ಕೂರುತ್ತದೇನು ಎಂದರು. ಹೊಳೆಮ್ಮ ತಿರುಗಿ ಬಂದರು. ಮರುದಿನ ಬೆಳಿಗ್ಗೆ, ಎಲ್ಲರ ಕಣ್ಣೆದುರು, ಎಣ್ಣೆ ಹೊಡೆದ ಗದ್ದೆಯ ಬದುವಿಗೆ ಬೇವಿನ ಟೊಂಗೆ ನೆಟ್ಟರು. ಗುಂಪಿನ ಒಬ್ಬ ಹೆಂಗಸೂ ಇಳಿಯಲಿಲ್ಲ. ಮರುದಿನ ಇನ್ನೊಂದು ಗದ್ದೆಗೆ ನೆಟ್ಟರು. ಅಲ್ಲೂ ಇಳಿಯಲಿಲ್ಲ.

ಕೂಲಿ ಹೆಂಗಸೊಬ್ಬಳು ಕಳೆ ಕೆಲಸ ನಿಲ್ಲಿಸಿದ್ದು ಧಣಿಗೆ ದೊಡ್ಡ ಅವಮಾನ. ಬರೀ ಬೈದರೆ ಹೆಂಗಸರು ಬಗ್ಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅವರ ಕಡೆಯವರು ಊರಲ್ಲಿ ಬೇರೆಯೇ ಮಾತು ಬಿಟ್ಟರು. ಹೊಳೆಮ್ಮ ಧಣಿಯ ಗದ್ದೆಗೆ ಮಾಟ ಮಾಡಿದ್ದಾಳೆ, ಬೆಳೆ ಕೆಂಪಗಾಗುತ್ತಿರುವುದು ಅದಕ್ಕೇ, ಸುಂಕಮ್ಮ ಬಿದ್ದದ್ದೂ ಅದಕ್ಕೇ. ಇಲ್ಲದಿದ್ದರೆ ಯಾವ ಗದ್ದೆಗೆ ಎಣ್ಣೆ ಬಿದ್ದಿದೆಯೋ ಸರಿಯಾಗಿ ಅದಕ್ಕೇ ಟೊಂಗೆ ನೆಡಲು ಅವಳಿಗೆ ಹೇಗೆ ಗೊತ್ತಾಗುತ್ತದೆ? ಈ ಕೊನೆಯ ಪ್ರಶ್ನೆ ಊರವರ ತಲೆಯಲ್ಲಿ ಕೂತುಬಿಟ್ಟಿತು. ನಿನ್ನೆ ಜೊತೆಗೆ ನಿಂತ ಹೆಂಗಸರೇ ನಲ್ಲಿಯ ಹತ್ತಿರ ದೂರ ಸರಿಯತೊಡಗಿದರು.

ಉತ್ತರ ಸುಲಭದ್ದು. ಹೇಳುತ್ತಿದ್ದವರು ಗುಡ್ಡಪ್ಪ. ಪಂಪು ಹೊರುವ ಆಳುಗಳು ಇನ್ನೂ ಇದ್ದರು, ಧಣಿಯೆದುರು ತಲೆಯೆತ್ತದ ಇವರ ಮೇಲೆ ಯಾರ ಅನುಮಾನವೂ ಹೋಗಿರಲಿಲ್ಲ. ಧಣಿಯ ಪಂಪು ಹೊತ್ತ ಮನುಷ್ಯ, ಸಂಜೆ ಮನೆಗೆ ಬಂದು ಕೈಕಾಲು ತೊಳೆಯುತ್ತ, ಇಂಥ ಗದ್ದೆಗೆ ಹೊಡೆದೆ ಎಂದು ಹೆಂಡತಿಯ ಕಿವಿಗೆ ಹಾಕುತ್ತಿದ್ದರು. ಧಣಿಗೆ ಅದು ತಿಳಿದರೆ ಸಂಬಳ ಹೋಗುವುದು ಸಣ್ಣ ಮಾತು. ಹಿಂದೊಮ್ಮೆ ಧಣಿಯ ಮನೆಯ ಸುದ್ದಿ ಹೊರಗೆ ಹೇಳಿದ ಆಳೊಬ್ಬನನ್ನು ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟಿ ಹೊಡೆದದ್ದನ್ನು ಊರೇ ನೋಡಿತ್ತು. ಅವನು ಆಮೇಲೆ ನೆಟ್ಟಗೆ ನಡೆಯಲಿಲ್ಲ.

ಪಂಚಾಯಿತಿ ಕೂಡಿತು. ಒದ್ದೆ ಬಟ್ಟೆಯಲ್ಲಿ ಸುಂಕಲಮ್ಮನ ಗುಡಿ ಮುಂದೆ ನಿಂತು ಆಣೆ ಮಾಡಬೇಕು ಎಂದು ತೀರ್ಮಾನವಾಯಿತು. ಹೊಳೆಮ್ಮ ಕಾಲುವೆಯಲ್ಲಿ ಮುಳುಗಿ ಎದ್ದು, ನೀರು ಸುರಿಯುವ ಸೀರೆಯಲ್ಲೇ ಗುಡಿಗೆ ಬಂದರು. ಊರೆಲ್ಲ ನೆರೆದಿತ್ತು. ಗುಂಪಿನ ಹಿಂದೆ ಗುಡ್ಡಪ್ಪನೂ ಇದ್ದರು. ಮಾಟ ಮಾಡಿಲ್ಲ ಎಂದು ಆಣೆ ಮಾಡಲು ಹೊಳೆಮ್ಮನಿಗೆ ಯಾವ ಅಳುಕೂ ಇರಲಿಲ್ಲ. ಆದರೆ ಹಿರಿಯರು ಕೇಳಿದ್ದು ಬೇರೆ. ಮಾಟ ಅಲ್ಲ ಎಂದಾದರೆ, ಗದ್ದೆಯ ಸುದ್ದಿ ನಿನಗೆ ಯಾರು ಹೇಳಿದರು? ಹೆಸರು ಹೇಳು, ಇಲ್ಲವೇ ಯಾರೂ ಹೇಳಿಲ್ಲ ಎಂದು ಅಮ್ಮನ ಮುಂದೆ ಆಣೆ ಮಾಡು.

ಹೆಸರು ಹೇಳಿದರೆ ಗಂಡ ಕಂಬಕ್ಕೆ. ಯಾರೂ ಹೇಳಿಲ್ಲ ಎಂದರೆ ಅಮ್ಮನ ಮುಂದೆ ಸುಳ್ಳು. ಎಣ್ಣೆಯ ವಾಸನೆಯಿಂದ ಗೊತ್ತಾಯಿತು ಎಂದಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳಿದರೆ ಹೊಳೆಮ್ಮ ಸ್ವಲ್ಪ ಸಿಟ್ಟಾಗುತ್ತಾರೆ.

"ಅದೂ ಸುಳ್ಳs ಅಲ್ಲೇನ್ರಿ? ಮೊದಲs ಒಂದು ಸಲ ಅಮ್ಮನ ಹೆಸರು ಹೇಳಿ ಸುಂಕಮ್ಮನ ಜೀವ ತಗೀತಿದ್ದೆ. ಮತ್ತ ಆಕಿ ಮುಂದs ಒದ್ದಿ ಸೀರ್‍ಯಾಗ ನಿಂತು ಸುಳ್ಳು ಆಣಿ ಮಾಡ್ಲೇನು? ನನ್ನ ಕೈಲಿ ಆಗಲಿಲ್ಲ. ಬಾಯಿ ಮುಚಗೊಂಡು ನಿಂತೆ."

ಸೀರೆ ಮೈಮೇಲೇ ಆರುವ ತನಕ ನಿಂತರು. ಹಿರಿಯರು ಕೇಳಿ ಕೇಳಿ ಬೇಸತ್ತರು. ಮಾತಾಡದಿದ್ದದ್ದೇ ಒಪ್ಪಿಗೆ ಎಂದಾಯಿತು. ಮಾಟಗಾತಿಗೆ ಈ ಊರಲ್ಲಿ ಕೂಲಿ ಇಲ್ಲ, ನಲ್ಲಿಯ ನೀರಿಲ್ಲ, ಬೆಂಕಿಕಡ್ಡಿ ಕೂಡ ಯಾರೂ ಕೊಡಕೂಡದು ಎಂದು ತೀರ್ಪು ಬಂತು. ಸಂಜೆಯೊಳಗೆ ಧಣಿಯ ಆಳುಗಳು ಗುಡಿಸಲಿನ ನಡುಗಂಬಕ್ಕೆ ಹಗ್ಗ ಬಿಗಿದು ಜೋಡಿ ಎತ್ತು ಹೂಡಿ ಎಳೆದರು. ಆ ಎತ್ತುಗಳಿಗೆ ದಿನಾ ಮೇವು ಹಾಕುತ್ತಿದ್ದವರು ಗುಡ್ಡಪ್ಪನೇ. ಹೆಂಡತಿಯ ಮೌನದ ಅರ್ಥ ಆ ಗುಂಪಿನಲ್ಲಿ ಅವರೊಬ್ಬರಿಗೇ ಗೊತ್ತಿತ್ತು, ಆದರೆ ಬಾಯಿ ಬಿಡುವ ಧೈರ್ಯ ಅವರಿಗೆ ಆ ಹೊತ್ತಿನಲ್ಲಿ ಬರಲಿಲ್ಲ.

ಹೊಳೆಮ್ಮ ಒಂದು ಗಂಟು ಕಟ್ಟಿಕೊಂಡು ಸಂಡೂರಿನ ದಾರಿ ಹಿಡಿದರು. ಅಲ್ಲಿನ ಗುಡ್ಡದಲ್ಲಿ ಅಕ್ಕ ಅದಿರು ಒಡೆಯುತ್ತಿದ್ದಳು. ಇವರೂ ಸುತ್ತಿಗೆ ಹಿಡಿದರು. ಬೆಳಗಿನಿಂದ ಸಂಜೆಯ ತನಕ ಕಲ್ಲು ಕುಟ್ಟುವುದು, ಬುಟ್ಟಿ ತುಂಬುವುದು, ಹೊತ್ತು ಹಾಕುವುದು. ಕೆಮ್ಮಿದರೆ ಕೆಂಪು, ಸೀರೆ ಹಿಂಡಿದರೆ ಕೆಂಪು. ದೋಣಿಮಲೈ ಕಡೆಗೆ ಹೋಗುವ ಕಂಪನಿ ಬಸ್ಸುಗಳು ಕೆಳಗಿನ ದಾರಿಯಲ್ಲಿ ಹಾಯುವಾಗ, ಇಸ್ತ್ರಿ ಅಂಗಿ ತೊಟ್ಟವರನ್ನು ಮೇಲಿನಿಂದ ನೋಡುತ್ತ ಕೂರುವುದೇ ಅವರಿಗೆ ವಿಶ್ರಾಂತಿ. ಗಂಡ ಊರಲ್ಲಿ ಧಣಿಯ ಕೊಟ್ಟಿಗೆಯಲ್ಲಿ, ಹೆಂಡತಿ ಗುಡ್ಡದಲ್ಲಿ. ಗಂಡನೂ ಕೆಲಸ ಬಿಟ್ಟು ಬಂದರೆ ಧಣಿಗೆ ಅನುಮಾನ ಬಂದೀತೆಂದು, ಬರಬೇಡ ಎಂದು ಹೇಳಿ ಕಳಿಸಿದವರು ಹೊಳೆಮ್ಮನೇ.

ಅಲ್ಲಿ ಅವರನ್ನು ಕಾಡಿದ್ದು ಹಸಿವಲ್ಲ. "ನಾ ಬಂದಮ್ಯಾಲ ಆ ಹೆಣಮಕ್ಕಳು ಎಣ್ಣಿ ಗದ್ದಿಗೆ ಇಳದೇ ಇಳದಾರ ಅಂತ ಗೊತ್ತಿತ್ತು. ಯಾರು ಬಿದ್ರೋ ಏನೋ. ಇಷ್ಟೆಲ್ಲ ಕಳಕೊಂಡಿದ್ದು ನೀರಾಗ ಹೋತಲ್ಲ ಅಂತ ಭಾಳ ಅಳ್ತಿದ್ದೆ," ಎನ್ನುತ್ತಾರೆ. ಅಳುವುದನ್ನು ಹೇಳಿಕೊಳ್ಳಲು ಅವರಿಗೆ ಸಂಕೋಚವಿಲ್ಲ.

ಊರಲ್ಲಿ ಆಗಿದ್ದೇ ಬೇರೆ. ಆ ಕತೆಯನ್ನು ಹೇಳುವವರು ಭೀಮಮ್ಮ, ಹೊಳೆಮ್ಮ ಹೋದ ಮೇಲೆ ಗುಂಪಿನ ಮುಂದಾಳಾದವರು. ಪಂಚಾಯಿತಿಯ ದಿನ ಹೊಳೆಮ್ಮನ ಕಡೆ ಉಗುಳಿದವರಲ್ಲಿ ತಾನೂ ಒಬ್ಬಳು ಎಂದು ಮುಚ್ಚಿಡದೆ ಹೇಳುತ್ತಾರೆ. ಮುಂದಿನ ಬೆಳೆಯ ಕಳೆಯ ದಿನಗಳು. ಗುಡ್ಡಪ್ಪ ಒಂದು ಸಂಜೆ ಭೀಮಮ್ಮನ ಅಂಗಳಕ್ಕೆ ಬಂದು, ಕಟ್ಟೆಗೆ ಒರಗಿ ನಿಂತು, ಹೇಳಿದವನು ನಾನು ಎಂದುಬಿಟ್ಟರು.

"ನನ್ನ ಉಳಿಸಾಕ ಬಾಯಿ ಮುಚ್ಚಿದಳು ಆಕಿ. ಈಗ ನಿಂಗ ಹೇಳೀನಿ. ನೀ ಹೋಗಿ ಧಣೇರಿಗೆ ಹೇಳಿದ್ರೂ ಹೇಳು. ನಾಳೆ ನೀವು ಇಳಿಯೋ ಗದ್ದಿಗೆ ಇವತ್ತು ಎಣ್ಣಿ ಹೊಡದೀನಿ" — ಗುಡ್ಡಪ್ಪನ ಮಾತು ಇಷ್ಟೇ ಇತ್ತಂತೆ.

ಭೀಮಮ್ಮ ಧಣಿಯ ಮನೆಗೆ ಹೋಗಲಿಲ್ಲ. ಮನೆಮನೆಗೆ ಹೋದರು. ಬೆಳಗಾಗುವಷ್ಟರಲ್ಲಿ ಆ ಗದ್ದೆಯ ಬದುವಿನ ಮೇಲೆ ಬೇವಿನ ಟೊಂಗೆ ಇತ್ತು. ಧಣಿಯ ಆಳು ಕಿತ್ತು ಕಾಲುವೆಗೆ ಎಸೆದ. ಮರುದಿನ ಮತ್ತೆ ಇತ್ತು. ನೆಟ್ಟವರು ಯಾರು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ.

"ಒಬ್ಬಾಕೀನs ದಿನಾ ನೆಟ್ರ ಸಿಕ್ಕಿಬೀಳ್ತಾಳ. ಹೊಳೆಮ್ಮಗ ಆದದ್ದು ನೋಡಿದ್ವಲ್ರಿ. ಅದಕ್ಕ ಪಾಳಿ ಹಾಕ್ಕೊಂಡ್ವಿ, ಕಾಲ್ವಿ ನೀರಿಗೆ ಇರೂದಿಲ್ಲೇನು, ಹಂಗ. ಎಷ್ಟು ಮಂದೀನ್ನ ಊರು ಬಿಡಸ್ತಾರ?" ಎನ್ನುತ್ತಾರೆ ಭೀಮಮ್ಮ.

ಧಣಿ ಸೋಲುವವರಲ್ಲ. ಹೊರಗಿನ ಊರಿನಿಂದ ಟ್ರ್ಯಾಕ್ಟರಿನ ಟ್ರೇಲರ್ ತುಂಬ ಹೆಂಗಸರನ್ನು ಕರೆಸಿದರು. ಟ್ರ್ಯಾಕ್ಟರು ಬದುವಿನ ಹತ್ತಿರ ಬಂದು ನಿಂತಿತು. ಆ ಹೆಂಗಸರು ಟೊಂಗೆಯನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು, ಕೂತಲ್ಲೇ ಕೂತರು. ಅವರಿಗೆ ಇಲ್ಲಿನ ಜಗಳ ಗೊತ್ತಿರಲಿಲ್ಲ. ಬೇವು ಮಾತ್ರ ಗೊತ್ತಿತ್ತು. ಯಾರು ಎಷ್ಟು ಗದರಿದರೂ ಒಬ್ಬಳೂ ಕೆಳಗಿಳಿಯಲಿಲ್ಲ. ಬಂದ ದಾರಿಯಲ್ಲೇ ಟ್ರ್ಯಾಕ್ಟರು ವಾಪಸು ಹೋಯಿತು. ಧಣಿ ಆಮೇಲೆ ಸೋತೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಎಣ್ಣೆ ಹೊಡೆದ ಮೂರು ದಿನ ಕಳೆಯ ಕೆಲಸಕ್ಕೆ ಹೇಳಿಕಳಿಸುವುದನ್ನು ಬಿಟ್ಟರು, ಅಷ್ಟೇ. ಗೆದ್ದ ಆ ದಿನ, ಗೆಲುವಿಗೆ ಬೆಲೆ ಕೊಟ್ಟಾಕೆ ಸಂಡೂರಿನ ಗುಡ್ಡದಲ್ಲಿ ಕಲ್ಲು ಕುಟ್ಟುತ್ತಿದ್ದರು.

ಎರಡು ವರ್ಷದ ಮೇಲೆ ಭೀಮಮ್ಮ ಹೇಳಿಕಳಿಸಿದಾಗ ಹೊಳೆಮ್ಮ ಅಂಜುತ್ತಲೇ ಬಂದರು. ಬಸ್ಸಿನಿಂದ ಇಳಿದು ಗದ್ದೆಯ ದಾರಿ ಹಿಡಿದರೆ, ಮೊದಲು ಸಿಕ್ಕ ಬದುವಿನ ಮೇಲೇ ಒಂದು ಟೊಂಗೆ. ಅದು ದೊಡ್ಡ ಧಣಿಯ ಗದ್ದೆಯೂ ಅಲ್ಲ, ಬೇರೆ ಯಾರದೋ. ಗಂಟನ್ನು ಕೆಳಗಿಟ್ಟು ಅದರ ಪಕ್ಕದಲ್ಲೇ ಕುಳಿತುಬಿಟ್ಟರಂತೆ. ಸ್ವಲ್ಪ ದೂರದಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದ ಸಾಲಿನಿಂದ ಭೀಮಮ್ಮ ಮೇಲೆದ್ದು, "ಅಲ್ಲೇ ಕುಂತಿ ಯಾಕ? ಸಾಲಿನ್ಯಾಗ ನಿನ್ನ ಜಾಗ ಐತಿ, ಬಾ," ಎಂದರು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಹೊಳೆಮ್ಮ ಸೀರೆ ಎತ್ತಿ ಸಿಕ್ಕಿಸಿ ಗದ್ದೆಗಿಳಿದರು.

ಹೋರಾಟ ಎಂದರೆ ಮೈಕು, ಮೆರವಣಿಗೆ, ಪೇಪರಿನಲ್ಲಿ ಫೋಟೊ ಎಂದುಕೊಂಡವರಿಗೆ ಈ ಹೆಂಗಸಿನ ಹೋರಾಟ ಕಣ್ಣಿಗೆ ಬೀಳುವುದಿಲ್ಲ. ಅವರ ಬೆನ್ನಿಗೆ ಸಂಘ ಇರಲಿಲ್ಲ, ಪರವಾಗಿ ಮಾತಾಡಲು ವಕೀಲರಿರಲಿಲ್ಲ. ಎದುರು ಮಾತಾಡಿದ ತಪ್ಪಿಗೆ ನೀರು, ನೆರಳು, ಹೆಸರು ಮೂರೂ ಹೋದವು. ಡಾಕ್ಟರ್ ಪ್ರಭಂಜನರಿಗೆ ಈಗ ವಯಸ್ಸಾಗಿದೆ. "ನಾನು ಬಾಯಲ್ಲಿ ಹೇಳಿ ಮನೆಗೆ ಹೋಗಿ ಊಟ ಮಾಡಿದೆ. ಆಕೆ ಹೋಗಿ ಅದನ್ನು ಮಾಡಿದಳು. ಏನಾಗುತ್ತೆ ಅಂತ ಆಕೆಗೆ ಗೊತ್ತಿತ್ತು, ಆದರೂ ಮಾಡಿದಳು," ಎನ್ನುತ್ತಾರೆ. ಗುಡ್ಡಪ್ಪ ಪಂಪು ಇಳಿಸಿ ಬಹಳ ವರ್ಷವಾಯಿತು. ಉಬ್ಬಸ ಅವರನ್ನು ಕಟ್ಟೆ ಬಿಟ್ಟು ಏಳಗೊಡುವುದಿಲ್ಲ. ಹೆಂಡತಿಯ ಬಗ್ಗೆ ಕೇಳಿದರೆ ನಾಚುತ್ತಾರೆ. "ಆಕಿ ಭಾಳ ಗಟ್ಟಿ ರೀ. ನಾನs ಸ್ವಲ್ಪ ತಡಾ ಮಾಡಿದೆ," ಎಂದು ಬೀಡಿಗೆ ತಡಕಾಡಿ, ಹೆಂಡತಿ ನೋಡುತ್ತಿರುವುದು ಕಂಡು ಕೈ ಹಿಂದೆಗೆಯುತ್ತಾರೆ.

ಇವತ್ತಿಗೂ ಹೊಳೆಮ್ಮನದು ಸಾಲಿನಲ್ಲಿ ನಿಂತು ದುಡಿಯುವ ಕೆಲಸವೇ. ಮುಂದಾಳು ಈಗ ಬೇರೆಯವರು. ಬೆಳಿಗ್ಗೆ ಬೇಗ ಎಚ್ಚರವಾಗುತ್ತದೆಂದು ಟೊಂಗೆ ನೆಡುವುದನ್ನು ಮಾತ್ರ ತಾವೇ ವಹಿಸಿಕೊಂಡಿದ್ದಾರೆ. ಅವರು ಬರದ ದಿನ ಓಬಳೇಶನೇ ನೆಟ್ಟುಬಿಡುತ್ತಾನೆ. ಊರಿಗೆ ಹೊಸದಾಗಿ ಬಂದ ಸೊಸೆಯಂದಿರಿಗೆ ಈ ಹಳೆಯ ಸಂಗತಿ ಒಂದೂ ಗೊತ್ತಿಲ್ಲ. ಯಾಕೆ ಹೇಳಿಲ್ಲ ಎಂದರೆ ಹೊಳೆಮ್ಮ ಹೋದ ತಿಂಗಳಿನ ಒಂದು ಸಂಗತಿ ಹೇಳುತ್ತಾರೆ. ಹೇಳುವ ಮೊದಲೇ ನಗು ಬಂದುಬಿಡುತ್ತದೆ.

ಮಧ್ಯಾಹ್ನದ ಹೊತ್ತು ಒಂದು ಗದ್ದೆಯ ಬದು ಒಡೆದು ನೀರು ಹರಿದುಹೋಗುತ್ತಿತ್ತು. ಅವರು ಕಟ್ಟಿಬಿಡೋಣವೆಂದು ಅವಸರದಲ್ಲಿ ಇಳಿಯಲು ಹೊರಟರು. ಆ ದಿನ ಅವರು ತಡವಾಗಿ ಬಂದದ್ದರಿಂದ ಓಬಳೇಶನೇ ಬೆಳಿಗ್ಗೆ ನೆಟ್ಟಿದ್ದ ಟೊಂಗೆಯ ಕಡೆ ಗಮನ ಹೋಗಲಿಲ್ಲ. ಅಷ್ಟರಲ್ಲಿ ಸಾಲಿನ ಆ ತುದಿಯಿಂದ ನೀಲಗಂಗಮ್ಮ, ಈ ವರ್ಷವೇ ಮದುವೆಯಾಗಿ ಬಂದ ಹುಡುಗಿ, ಓಡಿಬಂದು ಅವರ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು.

"ಎಲ್ಲಾರ ಮುಂದs ನನ್ನ ಬೈದಳ್ರಿ. ಬೇವು ಕಾಣಂಗಿಲ್ಲೇನಬೇ ಮುದುಕಿ, ಹಿರೇರ ಕಾಲದಿಂದ ಬಂದ ಪದ್ಧತಿ ಇದು, ನಿನ್ನಂಥಾಕೀನs ಮುರದ್ರ ಹೆಂಗ ಅಂದಳು. ಭೀಮಮ್ಮ ಬಾಯಿ ತಗ್ಯಾಕ ಬಂದಳು, ನಾ ಕಣ್ಣಾಗs ಬ್ಯಾಡ ಅಂದೆ. ತಪ್ಪಾತು ತಂಗಿ, ಇನ್ನೊಮ್ಮೆ ಇಳಿಯಂಗಿಲ್ಲ ಅಂತ ಹೇಳಿ ಬದುವಿನ ಮ್ಯಾಲ ನಿಂತೆ."